ಮಸ್ಟಾಂಗ್: ಡಿಯರ್‌ಬಾರ್ನ್‌ನ ಒಂದು ಲೆಕ್ಕಾಚಾರದ ಚರಿತ್ರೆ

ಇಪ್ಪತ್ತನೆಯ ಶತಮಾನದ ಅಮೆರಿಕದ ಮೋಟಾರು ಉದ್ಯಮದ ಚರಿತ್ರೆಯಲ್ಲಿ ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರಿಗೆ ದೊರೆತಿರುವ ಸ್ಥಾನ ದೊಡ್ಡದು. ಆದರೆ ಆ ಸ್ಥಾನವನ್ನು ಅದು ಯಾವುದೇ ಯಾಂತ್ರಿಕ ಆವಿಷ್ಕಾರದ ಬಲದಿಂದ ಗಳಿಸಿದ್ದಲ್ಲ. 1964ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸಸ್ಪೆನ್ಷನ್ ಮೊದಲಾದ ಭಾಗಗಳಲ್ಲಿ ಹೆಚ್ಚಿನವು ಅದೇ ಕಂಪನಿಯ ಫಾಲ್ಕನ್ ಮತ್ತು ಫೇರ್‌ಲೇನ್ ಎಂಬ ಸಾಧಾರಣ ಕುಟುಂಬದ ಕಾರುಗಳಿಂದ ಎರವಲು ತಂದವು. ಹೊಸದಾಗಿದ್ದುದು ಹೊರಮೈ, ಬೆಲೆ ಮತ್ತು ಮಾರುವ ಕ್ರಮ. ಉದ್ದನೆಯ ಬಾನೆಟ್, ಗಿಡ್ಡ ಡಿಕ್ಕಿ, ನಾಲ್ವರಿಗೆ ಇಕ್ಕಟ್ಟಾಗಿ ಸಾಲುವಷ್ಟು ಜಾಗ, ಯುವಜನರ ಕೈಗೆಟಕುವ ಮೂಲಬೆಲೆ ಮತ್ತು ಗಿರಾಕಿ ತನ್ನ ಇಷ್ಟದಂತೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸಲಕರಣೆಗಳ ಉದ್ದನೆಯ ಪಟ್ಟಿ, ಇವೆಲ್ಲ ಕೂಡಿದ ಕಾರಿನ ಬಗೆಯನ್ನು ಮುಂದೆ ವಾಹನ ಪತ್ರಿಕೆಗಳು ‘ಪೋನಿ ಕಾರ್’ ಎಂದು ಕರೆದವು. ಗಿಡ್ಡ ತಳಿಯ ಕುದುರೆಗೆ ಇಂಗ್ಲಿಷಿನಲ್ಲಿರುವ ಈ ಹೆಸರು ಮಸ್ಟಾಂಗ್‌ನ ಮುಂಭಾಗದಲ್ಲಿದ್ದ ಓಡುವ ಕುದುರೆಯ ಲಾಂಛನದ ದೆಸೆಯಿಂದಲೇ ಇಡೀ ವರ್ಗಕ್ಕೆ ಅಂಟಿಕೊಂಡಿತು.

ಇಂತಹ ಕಾರೊಂದು ಫೋರ್ಡ್ ಕಂಪನಿಯಿಂದ, ಅದೂ 1960ರ ದಶಕದ ಆರಂಭದಲ್ಲಿ ಹೊರಬರುವುದು ಸಹಜವಾಗಿ ಆಗಬಹುದಾದ ಸಂಗತಿಯಾಗಿರಲಿಲ್ಲ. 1957ರ ಸೆಪ್ಟೆಂಬರ್‌ನಲ್ಲಿ ಭಾರೀ ಪ್ರಚಾರದೊಂದಿಗೆ ಬಿಡುಗಡೆಯಾದ ಎಡ್ಸೆಲ್ ಎಂಬ ಕಾರು ಎರಡೇ ವರ್ಷಗಳಲ್ಲಿ ನೆಲಕಚ್ಚಿತ್ತು. 1959ರ ನವೆಂಬರ್‌ನಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸುವ ಹೊತ್ತಿಗೆ ಕಂಪನಿಗೆ ಆಗಿದ್ದ ನಷ್ಟವನ್ನು ಸಾಮಾನ್ಯವಾಗಿ 25 ಕೋಟಿ ಡಾಲರ್ ಎಂದು ಅಂದಾಜಿಸಲಾಗುತ್ತದೆ. ಇದಾದ ಮೇಲೆ ಕಂಪನಿಯಲ್ಲಿ ಮೇಲುಗೈ ಪಡೆದದ್ದು ರಾಬರ್ಟ್ ಮೆಕ್‌ನಮಾರ ಅವರ ಧೋರಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಸೇನೆಯ ಅಂಕಿಸಂಖ್ಯೆಗಳ ವಿಭಾಗದಲ್ಲಿ ದುಡಿದು ಬಂದಿದ್ದ ಅವರಿಗೆ ಕಾರು ಎಂದರೆ ಮಿತವ್ಯಯದ ಸಾಗಾಣಿಕೆಯ ಸಾಧನ, ಅಷ್ಟೆ. ಆ ನಂಬಿಕೆಯ ಫಲವಾಗಿ 1959ರ ಕೊನೆಯಲ್ಲಿ ಬಂದ ಫಾಲ್ಕನ್, ಅಲಂಕಾರವಿಲ್ಲದ, ಇಂಧನ ಉಳಿಸುವ, ಆರು ಸಿಲಿಂಡರಿನ ಸಣ್ಣ ಕಾರಾಗಿದ್ದು, ಮೊದಲ ವರ್ಷದಲ್ಲಿಯೇ 4,17,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗಿ ದಾಖಲೆ ಮಾಡಿತು. ಮಸ್ಟಾಂಗ್‌ನ ಕಥೆಯಲ್ಲಿ ಮೆಕ್‌ನಮಾರ ಅವರನ್ನು ರಸಹೀನ ಲೆಕ್ಕಿಗನೆಂದು ಚಿತ್ರಿಸುವ ರೂಢಿಯಿದೆ. ಅವರ ಫಾಲ್ಕನ್ ಇಲ್ಲದಿದ್ದರೆ ಮಸ್ಟಾಂಗ್ ಆ ಬೆಲೆಗೆ ಸಾಧ್ಯವೇ ಆಗುತ್ತಿರಲಿಲ್ಲ ಎಂಬುದನ್ನು ಹಾಗೆ ಬರೆಯುವವರು ಮರೆಯುತ್ತಾರೆ.

1960ರ ನವೆಂಬರ್‌ನಲ್ಲಿ ಮೆಕ್‌ನಮಾರ ಕಂಪನಿಯ ಅಧ್ಯಕ್ಷರಾದರು; ಎರಡು ತಿಂಗಳು ತುಂಬುವ ಮೊದಲೇ ಚುನಾಯಿತ ಅಧ್ಯಕ್ಷ ಜಾನ್ ಕೆನಡಿಯವರ ಕರೆಗೆ ಓಗೊಟ್ಟು ದೇಶದ ರಕ್ಷಣಾ ಕಾರ್ಯದರ್ಶಿಯಾಗಲು ಹೊರಟುಹೋದರು. ಅದೇ ನವೆಂಬರ್‌ನಲ್ಲಿ ಫೋರ್ಡ್ ವಿಭಾಗದ ಮುಖ್ಯಸ್ಥನ ಸ್ಥಾನಕ್ಕೆ ಬಂದವರು 36 ವರ್ಷದ ಲೀ ಅಯಾಕೋಕಾ. ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದ ಅಯಾಕೋಕಾ ಎಂಜಿನಿಯರಿಂಗ್ ಓದಿದ್ದರೂ ಬೇಗನೆ ಮಾರಾಟದ ಕಡೆಗೆ ಹೊರಳಿದ್ದರು. 1956ರ ಮಾದರಿಯ ಫೋರ್ಡ್ ಕಾರನ್ನು ಶೇ. 20ರಷ್ಟು ಮುಂಗಡ ಮತ್ತು ತಿಂಗಳಿಗೆ 56 ಡಾಲರ್ ಕಂತಿನಲ್ಲಿ ಮಾರುವ ಯೋಜನೆ ರೂಪಿಸಿ ಕೇಂದ್ರ ಕಚೇರಿಯ ಕಣ್ಣಿಗೆ ಬಿದ್ದಿದ್ದರು. ಗಿರಾಕಿಯ ಜೇಬಿನಲ್ಲಿ ಎಷ್ಟಿದೆ ಎಂಬುದರಿಂದ ಹಿಮ್ಮುಖವಾಗಿ ಯೋಚಿಸುವ ಈ ಅಭ್ಯಾಸವೇ ಮುಂದೆ ಮಸ್ಟಾಂಗ್‌ನ ಬುನಾದಿಯಾಯಿತು.

ಆ ಗಿರಾಕಿ ಯಾರೆಂಬ ಪ್ರಶ್ನೆಗೆ ಉತ್ತರ ಜನಗಣತಿಯಲ್ಲಿತ್ತು. ಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ನಂತರ, ಅಂದರೆ 1946ರಿಂದ, ಅಮೆರಿಕದಲ್ಲಿ ಜನನ ಪ್ರಮಾಣ ದಿಢೀರನೆ ಏರಿತ್ತು. ಆ ಏರಿಕೆಯ ಮೊದಲ ವರ್ಷದ ಮಕ್ಕಳಿಗೆ 1964ರಲ್ಲಿ 18 ತುಂಬುತ್ತಿತ್ತು. ಅವರ ತಂದೆತಾಯಿಗಳಿಗಿಂತ ಅವರು ಹೆಚ್ಚು ಓದಿದವರಾಗುವರು, ಬೇಗ ಸಂಪಾದನೆಗೆ ತೊಡಗುವರು, ಮನೆಗೆ ಎರಡನೆಯ ಕಾರನ್ನು ಕೊಳ್ಳುವ ಕುಟುಂಬಗಳೂ ಹೆಚ್ಚುವವು ಎಂಬುದನ್ನು ಕಂಪನಿಯ ಮಾರುಕಟ್ಟೆ ಅಧ್ಯಯನಗಳು ಹೇಳುತ್ತಿದ್ದವು. ಇದಕ್ಕೆ ಎದುರಾಳಿಯ ಅಂಗಳದಿಂದಲೂ ಸಾಕ್ಷ್ಯ ಸಿಕ್ಕಿತು. ಜನರಲ್ ಮೋಟರ್ಸ್ ಸಂಸ್ಥೆಯ ಷೆವರ್ಲೆ ವಿಭಾಗವು ಎಂಜಿನ್ನನ್ನು ಹಿಂಭಾಗದಲ್ಲಿಟ್ಟು ತಯಾರಿಸಿದ್ದ ಕಾರ್ವೇರ್, ಮಿತವ್ಯಯದ ಕಾರಾಗಿ ಫಾಲ್ಕನ್‌ನ ಮುಂದೆ ಸೋತಿತ್ತು. ಆದರೆ ಅದಕ್ಕೇ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಕೂರುವ ಬಕೆಟ್ ಸೀಟು ಮತ್ತು ಸ್ವಲ್ಪ ಒನಪು ಸೇರಿಸಿ ‘ಮಾನ್ಜಾ’ ಎಂಬ ಹೆಸರಿನಲ್ಲಿ ಮಾರಿದಾಗ ಕೊಳ್ಳುವವರು ಮುಗಿಬಿದ್ದರು. ಇತ್ತ ಫೋರ್ಡ್ ಕಚೇರಿಗೆ, 1958ರಲ್ಲಿ ನಾಲ್ಕು ಸೀಟಿನ ದೊಡ್ಡ ಕಾರಾಗಿ ಬದಲಾಗಿದ್ದ ಥಂಡರ್‌ಬರ್ಡನ್ನು ಮತ್ತೆ ಹಳೆಯ ಎರಡು ಸೀಟಿನ ರೂಪದಲ್ಲಿಯೇ ಕೊಡಿರೆಂದು ಕೇಳುವ ಪತ್ರಗಳು ಬರುತ್ತಲೇ ಇದ್ದವು.

ಅಯಾಕೋಕಾ ಕೆಲವು ಆಪ್ತ ಸಹೋದ್ಯೋಗಿಗಳನ್ನು ಕಚೇರಿಯ ಹೊರಗೆ, ಕಂಪನಿಯ ತವರೂರಾದ ಡಿಯರ್‌ಬಾರ್ನ್‌ನ ಫೇರ್‌ಲೇನ್ ಇನ್ ಎಂಬ ವಸತಿಗೃಹದಲ್ಲಿ ಸಂಜೆಯ ಊಟದ ನೆಪದಲ್ಲಿ ಕೂಡಿಸತೊಡಗಿದರು. ‘ಫೇರ್‌ಲೇನ್ ಸಮಿತಿ’ ಎಂದು ಪ್ರಸಿದ್ಧವಾದ ಈ ಗುಂಪಿನಲ್ಲಿ ಉತ್ಪನ್ನ ಯೋಜನೆಯ ಮುಖ್ಯಸ್ಥ ಡೊನಾಲ್ಡ್ ಫ್ರೇ, ಯೋಜಕ ಹಾಲ್ ಸ್ಪರ್ಲಿಚ್ ಮೊದಲಾದವರಿದ್ದರು. ಎಡ್ಸೆಲ್‌ನ ಗಾಯ ಇನ್ನೂ ಮಾಯದಿದ್ದ ಕಂಪನಿಯಲ್ಲಿ ಹೊಸ ಕಾರಿನ ಮಾತೆತ್ತುವುದಕ್ಕೆ ಇಂಥದೊಂದು ಮರೆ ಬೇಕಾಗಿತ್ತು. ಮಸ್ಟಾಂಗ್‌ನ ಜನಕ ಯಾರೆಂಬ ವಿವಾದ ಹುಟ್ಟುವುದು ಇಲ್ಲಿಂದಲೇ. ಜನಪ್ರಿಯ ಬರವಣಿಗೆ ಆ ಬಿರುದನ್ನು ಅಯಾಕೋಕಾ ಅವರಿಗೆ ಕೊಟ್ಟಿದೆ. ಕಾರಿನ ತಾಂತ್ರಿಕ ರೂಪುರೇಷೆಯನ್ನು ಕಟ್ಟಿದವರು ಫ್ರೇ ಮತ್ತು ಸ್ಪರ್ಲಿಚ್ ಎಂದು ಕಂಪನಿಯ ಒಳಗಿನವರಲ್ಲಿ ಹಲವರು ವಾದಿಸಿದ್ದಾರೆ. ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡನೆಯ ವಾದದಲ್ಲಿ ತೂಕವಿದೆ, ಆದರೆ ಹಣ ಕೊಡಬೇಕಾದ ಮಾಲೀಕನನ್ನು ಒಪ್ಪಿಸುವ ಕೆಲಸ ಅಯಾಕೋಕಾ ಅವರದ್ದೇ ಆಗಿತ್ತು. ಕಂಪನಿಯ ಸ್ಥಾಪಕನ ಮೊಮ್ಮಗನಾದ ಎರಡನೆಯ ಹೆನ್ರಿ ಫೋರ್ಡ್ ಮೊದಮೊದಲು ಈ ಪ್ರಸ್ತಾವಕ್ಕೆ ಕಿವಿಗೊಡಲಿಲ್ಲ. ಎಡ್ಸೆಲ್ ಎಂಬುದು ಅವರ ತಂದೆಯ ಹೆಸರಾಗಿತ್ತು ಎಂಬುದನ್ನು ನೆನೆದರೆ ಆ ಹಿಂಜರಿಕೆ ಅರ್ಥವಾಗುತ್ತದೆ.

ಮಸ್ಟಾಂಗ್ ಎಂಬ ಹೆಸರನ್ನು ಮೊದಲು ಹೊತ್ತದ್ದು ಈ ಸಮಿತಿ ಬಯಸಿದ ಕಾರಲ್ಲ. 1962ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಓಟದ ಮೈದಾನದಲ್ಲಿ ಕಂಪನಿ ಎರಡು ಸೀಟಿನ, ನಡುಭಾಗದಲ್ಲಿ ಎಂಜಿನ್ ಇದ್ದ, ಬಿಳಿಯ ಬಣ್ಣದ ಪುಟ್ಟ ಪ್ರಾಯೋಗಿಕ ಕಾರೊಂದನ್ನು ಪ್ರದರ್ಶಿಸಿತು. ಓಟಗಾರ ಡ್ಯಾನ್ ಗರ್ನಿ ಅದನ್ನು ಓಡಿಸಿ ತೋರಿಸಿದಾಗ ನೆರೆದಿದ್ದ ಉತ್ಸಾಹಿಗಳು ಮರುಳಾದರು. ಅಯಾಕೋಕಾ ಮಾತ್ರ ಅದರಿಂದ ಬೇರೆಯದೇ ತೀರ್ಮಾನಕ್ಕೆ ಬಂದರು: ಇಷ್ಟು ಕಡುಮೋಹಿಗಳು ಬಯಸುವ ಕಾರನ್ನು ಲಕ್ಷಗಟ್ಟಲೆ ಮಾರಲಾಗದು. ಹೆಸರು ಉಳಿಯಿತು, ಕಾರು ವಸ್ತುಸಂಗ್ರಹಾಲಯ ಸೇರಿತು.

ಮಾರಲಿದ್ದ ಕಾರಿನ ವಿನ್ಯಾಸ ಅದಕ್ಕೆ ಮೊದಲೇ, 1962ರ ಬೇಸಿಗೆಯಲ್ಲಿ ಇತ್ಯರ್ಥವಾಗಿತ್ತು. ಮುಂದಿಟ್ಟ ಮಿತಿಗಳು ಕಟ್ಟುನಿಟ್ಟಾಗಿದ್ದವು: ಉದ್ದ ಸುಮಾರು 180 ಅಂಗುಲ, ತೂಕ 2,500 ಪೌಂಡು, ಬೆಲೆ 2,500 ಡಾಲರಿನ ಒಳಗೆ, ನಾಲ್ಕು ಸೀಟು. ಕಂಪನಿಯ ಬೇರೆಬೇರೆ ವಿನ್ಯಾಸ ಶಾಲೆಗಳಿಗೆ ಕೆಲವೇ ವಾರಗಳ ಗಡುವು ಕೊಟ್ಟು ಸ್ಪರ್ಧೆ ಏರ್ಪಡಿಸಲಾಯಿತು. ಆ ಕಾಲದಲ್ಲಿ ಕಾರಿನ ಆಕಾರವನ್ನು ಕಾಗದದ ಮೇಲೆ ಬರೆದ ಬಳಿಕ ಜೇಡಿಮಣ್ಣಿನಲ್ಲಿ ಪೂರ್ಣ ಗಾತ್ರದ ಮಾದರಿಯನ್ನು ಕೆತ್ತಿ, ಬಣ್ಣ ಬಳಿದು, ಬಯಲಿನ ಬೆಳಕಿನಲ್ಲಿ ನಿಲ್ಲಿಸಿ ನೋಡುವ ಪದ್ಧತಿಯಿತ್ತು. ಆಗಸ್ಟ್ 16ರಂದು ಸಾಲಾಗಿ ನಿಲ್ಲಿಸಿದ ಮಾದರಿಗಳಲ್ಲಿ ಜೋ ಓರೋಸ್ ಅವರ ಮುಂದಾಳುತನದ ಫೋರ್ಡ್ ಶಾಲೆಯದು ಒಂದು. ಗೇಲ್ ಹಾಲ್ಡರ್‌ಮನ್ ಬರೆದ ರೇಖಾಚಿತ್ರವನ್ನು ಆಧರಿಸಿ, ಡೇವಿಡ್ ಆಶ್ ಮೊದಲಾದವರ ಕೈ ಸೇರಿ ಮೂಡಿದ್ದ ಅದಕ್ಕೆ ‘ಕೂಗರ್’ ಎಂದು ಹೆಸರಿಟ್ಟಿದ್ದರು. ನಿಂತಿದ್ದರೂ ಓಡುತ್ತಿರುವಂತೆ ಕಾಣುವ ಕಾರು ಅದೊಂದೇ ಎಂದು ಅಯಾಕೋಕಾ ಅವರಿಗೆ ಅನ್ನಿಸಿತಂತೆ. ಮುಂದಿನ ತಿಂಗಳು ಹೆನ್ರಿ ಫೋರ್ಡ್ ಒಪ್ಪಿಗೆಯಿತ್ತರು. ಹಿಂದಿನ ಸೀಟಿನಲ್ಲಿ ಕೂತು ನೋಡಿ ಕಾಲು ಚಾಚಲು ಇನ್ನೊಂದು ಅಂಗುಲ ಬೇಕೆಂದಷ್ಟೇ ಹೇಳಿದರೆಂಬುದು ಡೆಟ್ರಾಯಿಟ್‌ನಲ್ಲಿ ಬಹುಕಾಲ ಉಳಿದ ಕಥೆ.

ಆ ಆಕಾರವನ್ನು ಫಾಲ್ಕನ್‌ನ ತಳದ ಮೇಲೆ ಕೂರಿಸುವ ಕೆಲಸವೇ ಮಸ್ಟಾಂಗ್‌ನ ನಿಜವಾದ ಎಂಜಿನಿಯರಿಂಗ್. ಹಳೆಯ ಕಾಲದ ಕಾರುಗಳಲ್ಲಿ ಏಣಿಯಂತಹ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಬೇರೆಯಾಗಿ ಇರಿಸುತ್ತಿದ್ದರು. ಫಾಲ್ಕನ್‌ನಲ್ಲಿ ಚೌಕಟ್ಟು, ನೆಲ ಮತ್ತು ಮೈ ಒಂದರೊಳಗೊಂದು ಬೆಸುಗೆಯಾಗಿ ಒಂದೇ ಘಟಕವಾಗಿದ್ದವು. ಇಂತಹ ರಚನೆಯಲ್ಲಿ ಚಾವಣಿಯೂ ಭಾರ ಹೊರುವುದರಿಂದ, ಚಾವಣಿ ಮಡಚುವ ಕನ್ವರ್ಟಿಬಲ್ ಮಾದರಿಗೆ ನೆಲವನ್ನು ಪ್ರತ್ಯೇಕವಾಗಿ ಬಲಪಡಿಸಬೇಕಾಗುತ್ತದೆ. ಮುಂದಿನ ಗಾಲಿಗಳನ್ನು ಚಾಲಕನಿಂದ ದೂರಕ್ಕೆ ತಳ್ಳಿ ಬಾನೆಟ್ಟನ್ನು ಉದ್ದ ಮಾಡಿದ್ದರಿಂದ ಎಂಜಿನ್ ಇರುವ ಭಾಗದಲ್ಲಿ ಜಾಗ ಹೆಚ್ಚಿತು, ಮತ್ತು ಆ ಜಾಗದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸಿಲಿಂಡರು ಜೋಡಿಸಿದ ವಿ-8 ಎಂಜಿನ್ ಸಲೀಸಾಗಿ ಕೂರುವಂತಾಯಿತು. ಆಕಾರಕ್ಕಾಗಿ ಮಾಡಿದ್ದು ಬಲಕ್ಕೂ ಅನುಕೂಲವಾದದ್ದು ಹೀಗೆ. ಹೊಸ ಕಾರೊಂದನ್ನು ಬುಡದಿಂದ ಕಟ್ಟಲು ಆಗ ಬೇಕಾಗುತ್ತಿದ್ದ ಬಂಡವಾಳದ ಸಣ್ಣದೊಂದು ಪಾಲಿನಲ್ಲಿಯೇ ಕೆಲಸ ಮುಗಿಯಿತು.

ಮೂಲಬೆಲೆ 2,368 ಡಾಲರ್. ಆ ಹಣಕ್ಕೆ ಸಿಗುತ್ತಿದ್ದುದು 170 ಘನ ಅಂಗುಲದ, ಎಂದರೆ ಸುಮಾರು 2.8 ಲೀಟರಿನ, 101 ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್, ಮೂರು ಗೇರು, ಬಕೆಟ್ ಸೀಟು ಮತ್ತು ನೆಲಕ್ಕೆ ಹಾಸಿದ ಕಾರ್ಪೆಟ್. ಇದರಾಚೆಗೆ ಬೇಕಾದುದನ್ನೆಲ್ಲ ಗಿರಾಕಿ ಹೆಚ್ಚು ಹಣ ತೆತ್ತು ಆರಿಸಿಕೊಳ್ಳಬೇಕಿತ್ತು: ವಿ-8 ಎಂಜಿನ್, ನಾಲ್ಕು ಗೇರು ಇಲ್ಲವೇ ಸ್ವಯಂಚಾಲಿತ ಗೇರು, ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕು, ಹವಾನಿಯಂತ್ರಣ, ವಿನೈಲ್ ಹೊದಿಕೆಯ ಚಾವಣಿ, ರೇಡಿಯೊ. ಕಚೇರಿಯ ಗುಮಾಸ್ತೆ ಅಗ್ಗದ ಕಾರನ್ನೇ ಒಯ್ಯಬಹುದು, ಅದೇ ಮೈಯ ಕಾರನ್ನು ಓಟದ ಮೋಹವುಳ್ಳವನು 271 ಅಶ್ವಶಕ್ತಿಯ ಎಂಜಿನ್ನಿನೊಡನೆ ಒಯ್ಯಬಹುದು, ಶ್ರೀಮಂತ ನಿವೃತ್ತನು ಪುಟ್ಟ ಐಷಾರಾಮಿ ವಾಹನವಾಗಿ ಅಲಂಕರಿಸಿಕೊಳ್ಳಬಹುದು; ಹೊರಗಿನಿಂದ ನೋಡುವವರಿಗೆ ಮೂರೂ ಮಸ್ಟಾಂಗ್‌ಗಳೇ. ಹೆಚ್ಚುವರಿ ಸಲಕರಣೆಗಳ ಮೇಲಿನ ಲಾಭಾಂಶ ಮೂಲ ಕಾರಿನದಕ್ಕಿಂತ ದೊಡ್ಡದಾಗಿದ್ದರಿಂದ ಕಂಪನಿ ಕಡಿಮೆ ಬೆಲೆಯನ್ನು ಸಾರಿ ಹೆಚ್ಚಿನ ಬೆಲೆಗೆ ಮಾರಲು ಸಾಧ್ಯವಾಯಿತು. ಮೊದಲ ಎರಡು ವರ್ಷಗಳಲ್ಲಿ ಮಸ್ಟಾಂಗ್ ತಂದ ನಿವ್ವಳ ಲಾಭ 110 ಕೋಟಿ ಡಾಲರ್ ಎಂದು ಅಯಾಕೋಕಾ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ; ಆತ್ಮಕಥೆಯ ಅಂಕಿಯೆಂಬ ಎಚ್ಚರದೊಂದಿಗೆ ಅದನ್ನು ಓದಬೇಕಾದರೂ ಲಾಭದ ಪ್ರಮಾಣ ಅಸಾಧಾರಣವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಬಿಡುಗಡೆಯೂ ಅಷ್ಟೇ ಲೆಕ್ಕಾಚಾರದ್ದು. 1964ರ ಮಾರ್ಚ್ 9ರಂದು ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾಯಿತು. ಏಪ್ರಿಲ್ 13ರಂದು ನ್ಯೂಯಾರ್ಕಿನ ವಿಶ್ವ ಮೇಳದ ಆವರಣದಲ್ಲಿ ಪತ್ರಕರ್ತರಿಗೆ ಕಾರನ್ನು ತೋರಿಸಿ, 16ರ ರಾತ್ರಿ ದೇಶದ ಮೂರೂ ದೂರದರ್ಶನ ಜಾಲಗಳಲ್ಲಿ ಏಕಕಾಲಕ್ಕೆ ಜಾಹೀರಾತು ಬಿತ್ತರಿಸಿ, 17ರಂದು ಮಾರಾಟಕ್ಕೆ ಬಿಡಲಾಯಿತು. ಅದೇ ವಾರ ಟೈಮ್ ಮತ್ತು ನ್ಯೂಸ್‌ವೀಕ್ ಪತ್ರಿಕೆಗಳೆರಡೂ ಅಯಾಕೋಕಾ ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿದವು. ಹೋಲಿಕೆಗೆ ಹೇಳಬಹುದಾದರೆ, ಕ್ರೈಸ್ಲರ್ ಸಂಸ್ಥೆಯ ಪ್ಲಿಮತ್ ವಿಭಾಗವು ಬಹುಮಟ್ಟಿಗೆ ಇದೇ ಸೂತ್ರದಿಂದ, ತನ್ನ ವೇಲಿಯಂಟ್ ಎಂಬ ಸಾಧಾರಣ ಕಾರಿಗೆ ಬೃಹತ್ ಬಾಗುಗಾಜಿನ ಹಿಂಭಾಗ ಜೋಡಿಸಿ, ಬ್ಯಾರಕೂಡಾ ಎಂಬ ಕಾರನ್ನು ಏಪ್ರಿಲ್ 1ರಂದೇ ಬಿಡುಗಡೆ ಮಾಡಿತ್ತು. ಪೋನಿ ಕಾರುಗಳಲ್ಲಿ ಕಾಲಾನುಕ್ರಮದಲ್ಲಿ ಮೊದಲನೆಯದು ಅದು. ಆದರೆ ಅದರ ಮುಂಭಾಗ ವೇಲಿಯಂಟ್‌ನದ್ದೇ ಆಗಿ ಉಳಿದಿತ್ತು, ಗಿರಾಕಿಗಳು ಒಂದೇ ನೋಟಕ್ಕೆ ಗುರುತು ಹಿಡಿದರು.

ಮೊದಲ ದಿನವೇ 22,000 ಬೇಡಿಕೆಗಳು ದಾಖಲಾದವು. ಫಾಲ್ಕನ್‌ನ ಮೊದಲ ವರ್ಷದ ದಾಖಲೆಯನ್ನು ಮುರಿಯಬೇಕೆಂದು, ಅಂದರೆ ಮರುವರ್ಷದ ಏಪ್ರಿಲ್ 17ರೊಳಗೆ 4,17,000 ಕಾರು ಎಂದು, ಅಯಾಕೋಕಾ ತಮ್ಮವರಿಗೆ ಗುರಿ ಹಾಕಿಕೊಟ್ಟಿದ್ದರು. ತಿಂಗಳು ತಾರೀಖುಗಳ ಅಂಕಿಗಳೇ ಗುರಿಯ ಅಂಕಿಯೂ ಆಗಿದ್ದುದು ಮಾರಾಟಗಾರರಿಗೆ ಬಾಯಿಪಾಠ ಮಾಡಲು ಅನುಕೂಲವಾಗಿತ್ತು. ವರ್ಷದ ಕೊನೆಗೆ ಮಾರಾಟವಾದದ್ದು 4,18,812. ಡಿಯರ್‌ಬಾರ್ನ್ ಸಾಲದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಮತ್ತು ನ್ಯೂಜೆರ್ಸಿಯ ಮೆಟಚನ್ ಕಾರ್ಖಾನೆಗಳನ್ನೂ ಇದಕ್ಕೆ ತೊಡಗಿಸಬೇಕಾಯಿತು. 1966ರ ಮಾರ್ಚ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂದಾಗ ಕಂಪನಿಗೆ ಹಳೆಯ ತಪ್ಪೊಂದನ್ನು ತಿದ್ದಿಕೊಳ್ಳುವ ಅವಕಾಶ ದೊರೆಯಿತು: ಕ್ರಮಸಂಖ್ಯೆ ಒಂದರ ಬಿಳಿ ಕನ್ವರ್ಟಿಬಲ್ಲನ್ನು ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಕಳಿಸಿದ್ದಾಗ ಅಲ್ಲಿನ ಡೀಲರು ಅದನ್ನು ಒಬ್ಬ ವಿಮಾನಚಾಲಕನಿಗೆ ಮಾರಿಬಿಟ್ಟಿದ್ದನು, ಹತ್ತು ಲಕ್ಷದ ಕಾರನ್ನು ಆ ಚಾಲಕನಿಗೆ ಕೊಟ್ಟು ಮೊದಲನೆಯದನ್ನು ಮರಳಿ ಪಡೆದರು. ಅದು ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಯಶಸ್ಸಿನಲ್ಲಿ ಮಹಿಳೆಯರ ಪಾಲನ್ನು ಓಟದ ಇತಿಹಾಸಕಾರರು ಕಡೆಗಣಿಸುವುದುಂಟು. ಜೆ. ವಾಲ್ಟರ್ ಥಾಂಪ್ಸನ್ ಸಂಸ್ಥೆ ರೂಪಿಸಿದ ಮೊದಲ ಜಾಹೀರಾತುಗಳು ಅಶ್ವಶಕ್ತಿಯನ್ನಲ್ಲ, ಸಾಧಾರಣ ಬದುಕಿನ ಒಬ್ಬ ವ್ಯಕ್ತಿ ಈ ಕಾರು ಕೊಂಡೊಡನೆ ಬೇರೆಯೇ ಮನುಷ್ಯನಾಗುವ ಕಥೆಯನ್ನು ಮುಂದಿಟ್ಟವು, ಮತ್ತು ಆ ವ್ಯಕ್ತಿ ಎಷ್ಟೋ ಸಲ ಸ್ವಂತ ಸಂಬಳವಿರುವ ಯುವತಿಯಾಗಿದ್ದಳು. ಬಿಡುಗಡೆಗೆ ಎರಡು ದಿನ ಮೊದಲೇ, ಏಪ್ರಿಲ್ 15ರಂದು, ಷಿಕಾಗೋದ ಡೀಲರೊಬ್ಬರಿಂದ ಮಸ್ಟಾಂಗ್ ಕೊಂಡವಳು ಆಗತಾನೆ ಕೆಲಸಕ್ಕೆ ಸೇರಿದ್ದ ಶಾಲಾ ಶಿಕ್ಷಕಿ. ಮ್ಯಾಕ್ ರೈಸ್ 1965ರಲ್ಲಿ ರಚಿಸಿ ಮರುವರ್ಷ ವಿಲ್ಸನ್ ಪಿಕೆಟ್ ಕಂಠದಲ್ಲಿ ಮನೆಮಾತಾದ ‘ಮಸ್ಟಾಂಗ್ ಸ್ಯಾಲಿ’ ಹಾಡಿನಲ್ಲಿಯೂ ಸ್ಟೇರಿಂಗ್ ಹಿಡಿದಿರುವುದು ಹೆಂಗಸೇ.

ಓಟದ ಕೀರ್ತಿ ಹೊರಗಿನಿಂದ ಬಂದದ್ದು. 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದು, ಹೃದಯದ ತೊಂದರೆಯಿಂದ ಓಟ ಬಿಟ್ಟಿದ್ದ ಟೆಕ್ಸಾಸಿನ ಕ್ಯಾರಲ್ ಶೆಲ್ಬಿ ಅವರಿಗೆ ಫೋರ್ಡ್ ತನ್ನ ಕಾರನ್ನು ಒಪ್ಪಿಸಿತು. ಅವರು ಹಿಂದಿನ ಸೀಟು ತೆಗೆದುಹಾಕಿ, ಸಸ್ಪೆನ್ಷನ್ ಬಿಗಿಗೊಳಿಸಿ, 289 ಘನ ಅಂಗುಲದ ವಿ-8 ಎಂಜಿನ್ನಿನಿಂದ 306 ಅಶ್ವಶಕ್ತಿ ಹೊರಡಿಸಿ 1965ರಲ್ಲಿ ತಂದ ಜಿಟಿ-350 ಕಾರುಗಳ ಸಂಖ್ಯೆ ಆ ವರ್ಷ 562 ಮಾತ್ರ. ಮರುವರ್ಷ ಹರ್ಟ್ಜ್ ಎಂಬ ಬಾಡಿಗೆ ಕಾರಿನ ಸಂಸ್ಥೆ ಸುಮಾರು ಸಾವಿರ ಶೆಲ್ಬಿ ಕಾರುಗಳನ್ನು ಕೊಂಡು ವಾರಾಂತ್ಯಕ್ಕೆ ಬಾಡಿಗೆಗೆ ಬಿಟ್ಟಿತು. ಹಲವರು ಅವನ್ನು ಸೀದಾ ಓಟದ ಮೈದಾನಕ್ಕೆ ಕೊಂಡೊಯ್ದರೆಂಬ ಕಥೆಗಳು ಇಂದಿಗೂ ಚಲಾವಣೆಯಲ್ಲಿವೆ. 1968ರ ‘ಬುಲಿಟ್’ ಚಲನಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ ಕಡುಹಸಿರು ಮಸ್ಟಾಂಗ್ ಈ ಕೀರ್ತಿಗೆ ಮೆರುಗು ಕೊಟ್ಟಿತು. ಆ ಚಿತ್ರದಲ್ಲಿ ಬಳಸಿದ ಕಾರು 2020ರ ಹರಾಜಿನಲ್ಲಿ 37 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಎರಡು ವರ್ಷ ಬಹುಮಟ್ಟಿಗೆ ಎದುರಾಳಿಯಿಲ್ಲದೆ ಮೆರೆದ ಮಸ್ಟಾಂಗ್‌ಗೆ 1966ರ ಸೆಪ್ಟೆಂಬರ್‌ನಲ್ಲಿ ಷೆವರ್ಲೆ ಕಮಾರೋ ಎದುರಾಯಿತು; ಅದರ ಬೆನ್ನಿಗೇ ಪಾಂಟಿಯಾಕ್ ಫೈರ್‌ಬರ್ಡ್, ಎಎಂಸಿ ಜಾವೆಲಿನ್, ಕೊನೆಗೆ 1970ರ ಮಾದರಿಯಾಗಿ ಡಾಡ್ಜ್ ಚಾಲೆಂಜರ್ ಬಂದವು. ಐದು ಲೀಟರಿನ ಮಿತಿಯೊಳಗಿನ ಎಂಜಿನ್ನುಗಳಿಗಾಗಿ 1966ರಲ್ಲಿ ಆರಂಭವಾಗಿದ್ದ ಟ್ರಾನ್ಸ್-ಆಮ್ ಓಟಗಳ ಸರಣಿ ಇವರೆಲ್ಲರ ರಣರಂಗವಾಯಿತು: ಮೊದಲ ಎರಡು ವರ್ಷದ ತಯಾರಕರ ಪ್ರಶಸ್ತಿ ಫೋರ್ಡ್‌ಗೆ, ಮುಂದಿನೆರಡು ಷೆವರ್ಲೆಗೆ, 1970ರದು ಬಾಸ್-302 ಎಂಬ ವಿಶೇಷ ಮಸ್ಟಾಂಗ್‌ನ ಮೂಲಕ ಮತ್ತೆ ಫೋರ್ಡ್‌ಗೆ. ಭಾನುವಾರ ಗೆದ್ದರೆ ಸೋಮವಾರ ಮಾರಾಟ ಎಂಬುದು ಆಗಿನ ಡೀಲರುಗಳ ನಂಬಿಕೆ. ಅಂಕಿಅಂಶಗಳು ಆ ನಂಬಿಕೆಗೆ ಪುಷ್ಟಿ ಕೊಡುವುದಿಲ್ಲ, ಏಕೆಂದರೆ ಗೆಲುವುಗಳು ಹೆಚ್ಚಿದ ವರ್ಷಗಳಲ್ಲಿಯೇ ಮಾರಾಟ ಕುಸಿಯುತ್ತ ಬಂದಿತು. 1966ರ ಮಾದರಿ ವರ್ಷದಲ್ಲಿ 6,07,568 ಮಸ್ಟಾಂಗ್‌ಗಳು ತಯಾರಾಗಿದ್ದರೆ, 1970ರಲ್ಲಿ ಆ ಸಂಖ್ಯೆ 1,90,727ಕ್ಕೆ ಇಳಿದಿತ್ತು.

ಕುಸಿತಕ್ಕೆ ಎದುರಾಳಿಗಳು ಒಂದು ಕಾರಣ, ಕಾರು ತನ್ನ ಹುಟ್ಟಿನ ಲೆಕ್ಕಾಚಾರವನ್ನು ತೊರೆದದ್ದು ಇನ್ನೊಂದು, ಮತ್ತು ಎರಡನೆಯದೇ ಹೆಚ್ಚು ಗಂಭೀರವಾದದ್ದು. ದೊಡ್ಡ ಎಂಜಿನ್ ಕೂರಿಸಲು 1967ರಲ್ಲಿ ಮೈಯನ್ನು ಅಗಲಿಸಿದರು, 1969ರಲ್ಲಿ ಇನ್ನಷ್ಟು ಹಿಗ್ಗಿಸಿದರು. 1968ರ ಷೇರುದಾರರ ವಾರ್ಷಿಕ ಸಭೆಯಲ್ಲಿ ಒಬ್ಬ ಮಹಿಳೆ ಎದ್ದು ನಿಂತು, ಥಂಡರ್‌ಬರ್ಡನ್ನು ಉಬ್ಬಿಸಿದಂತೆಯೇ ಮಸ್ಟಾಂಗನ್ನೂ ಉಬ್ಬಿಸುತ್ತಿದ್ದೀರೆಂದು ಆಕ್ಷೇಪಿಸಿದ್ದರು. ಆದರೆ ಅದೇ ವರ್ಷ ಜನರಲ್ ಮೋಟರ್ಸ್‌ನಿಂದ ಬಂದು ಫೋರ್ಡ್‌ನ ಅಧ್ಯಕ್ಷರಾದ ಸೈಮನ್ ‘ಬಂಕಿ’ ನುಡ್‌ಸನ್ ಅವರಿಗೆ ದೊಡ್ಡ ಕಾರು, ದೊಡ್ಡ ಎಂಜಿನ್ ಎರಡೂ ಇಷ್ಟ. ಅವರನ್ನು 1969ರ ಸೆಪ್ಟೆಂಬರ್‌ನಲ್ಲಿ ಹೆನ್ರಿ ಫೋರ್ಡ್ ಹೊರಹಾಕಿದರೂ ಅವರು ಒಪ್ಪಿದ್ದ 1971ರ ಮಾದರಿ ಉಳಿಯಿತು: ಮೊದಲ ಮಸ್ಟಾಂಗ್‌ಗಿಂತ ಸುಮಾರು ಎಂಟು ಅಂಗುಲ ಉದ್ದ, ನೂರಾರು ಪೌಂಡು ಹೆಚ್ಚು ಭಾರ, ಹಿಂದಿನ ಗಾಜು ಬಹುತೇಕ ಮಲಗಿದಂತಿದ್ದು ಹಿಂದೆ ಬರುವುದೇ ಕಾಣದ ಕಾರು.

ಅದೇ ಹೊತ್ತಿಗೆ ಹೊರಗಿನ ಕಾಲವೂ ತಿರುಗಿತು. ರಾಲ್ಫ್ ನೇಡರ್ 1965ರಲ್ಲಿ ಕಾರ್ವೇರ್ ಮತ್ತಿತರ ಕಾರುಗಳ ಅಪಾಯಗಳನ್ನು ಬಯಲಿಗೆಳೆದು ಬರೆದ ಪುಸ್ತಕದ ನಂತರ ವಾಹನ ಸುರಕ್ಷತೆ ಕಾನೂನಿನ ವಿಷಯವಾಯಿತು. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಯ ಮೇಲೆ ಮಿತಿ ಹೇರಿತು. ಬಲಿಷ್ಠ ಎಂಜಿನ್ನಿನ ಕಾರು ಇಟ್ಟುಕೊಂಡ ಯುವಕರಿಂದ ವಿಮಾ ಕಂಪನಿಗಳು ಭಾರೀ ಕಂತು ಕೇಳತೊಡಗಿದವು. 1972ರಿಂದ ಎಂಜಿನ್ನಿನ ಬಲವನ್ನು ಅಳೆಯುವ ಕ್ರಮವೂ ಬದಲಾಯಿತು: ಅದುವರೆಗೆ ಬಿಡಿ ಎಂಜಿನ್ನನ್ನು ಕಟ್ಟೆಯ ಮೇಲಿಟ್ಟು ಅಳೆದ ಒಟ್ಟು ಅಶ್ವಶಕ್ತಿಯನ್ನು ಸಾರುತ್ತಿದ್ದವರು, ಆಮೇಲೆ ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರುಗಳೆಲ್ಲ ಜೋಡಿಸಿದ ಮೇಲೆ ಉಳಿಯುವ ನಿವ್ವಳ ಅಂಕಿಯನ್ನು ಹೇಳತೊಡಗಿದರು, ಒಂದೇ ಇರುಳಲ್ಲಿ ಎಲ್ಲರ ಕಾರುಗಳೂ ಕಾಗದದ ಮೇಲೆ ಸೊರಗಿದವು. ಆ ವರ್ಷ ತಯಾರಾದ ಮಸ್ಟಾಂಗ್‌ಗಳು 1,25,093.

1970ರ ಕೊನೆಯಲ್ಲಿ ಕಂಪನಿಯ ಅಧ್ಯಕ್ಷರಾದ ಅಯಾಕೋಕಾ, ಪಿಂಟೋ ಎಂಬ ಸಣ್ಣ ಕಾರಿನ ಬಿಡಿಭಾಗಗಳನ್ನು ಹೆಚ್ಚಾಗಿ ಬಳಸಿ ಎರಡನೆಯ ಮಸ್ಟಾಂಗನ್ನು ರೂಪಿಸಿದರು. ಮೊದಲ ವರ್ಷ ಅದರಲ್ಲಿ ವಿ-8 ಎಂಜಿನ್ ಇರಲೇ ಇಲ್ಲ. ಮೂಲ ಎಂಜಿನ್ 2.3 ಲೀಟರಿನ, 88 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನದು. 1973ರ ಸೆಪ್ಟೆಂಬರ್‌ನಲ್ಲಿ ಅದು ಬಿಡುಗಡೆಯಾದ ಮರುತಿಂಗಳೇ ಅರಬ್ ರಾಷ್ಟ್ರಗಳು ತೈಲ ದಿಗ್ಬಂಧನ ಹೇರಿ, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದವು, ಮತ್ತು ಈ ಮೊದಲ ವರ್ಷದ ಮಾದರಿ 3,85,993 ಸಂಖ್ಯೆಯಲ್ಲಿ ತಯಾರಾಯಿತು. ಉತ್ಸಾಹಿಗಳ ಸಂಘಗಳಲ್ಲಿ ಈ ಕಾರನ್ನು ಇಂದಿಗೂ ಹಳಿಯುತ್ತಾರೆ. ಆದರೂ ಸಾಧಾರಣ ತಳದ ಮೇಲೆ ಚೆಂದದ ಸಣ್ಣ ಕಾರು ಎಂಬ 1964ರ ಸೂತ್ರಕ್ಕೆ 1971ರ ಭಾರೀ ಕಾರಿಗಿಂತ ಇದು ಹೆಚ್ಚು ನಿಷ್ಠವಾಗಿತ್ತು, ಮತ್ತು ಇದಿಲ್ಲದಿದ್ದರೆ ಮಸ್ಟಾಂಗ್‌ನ ಚರಿತ್ರೆಯೂ ಬ್ಯಾರಕೂಡಾ, ಜಾವೆಲಿನ್, ಮೊದಲ ಚಾಲೆಂಜರ್‌ಗಳ ಜೊತೆಗೆ 1974ರಲ್ಲಿಯೇ ಮುಗಿಯಬಹುದಿತ್ತು. ಅಯಾಕೋಕಾ ಅವರನ್ನು 1978ರ ಜುಲೈನಲ್ಲಿ ಹೆನ್ರಿ ಫೋರ್ಡ್ ಕೆಲಸದಿಂದ ತೆಗೆದರು; ಅವರು ಕ್ರೈಸ್ಲರ್ ಸೇರಿ ಅದನ್ನು ಮುಳುಗದಂತೆ ಉಳಿಸಿದ್ದು ಬೇರೆಯೇ ಕಥೆ.

‘ಫಾಕ್ಸ್’ ಎಂಬ ಸಂಕೇತನಾಮದ ತಳದ ಮೇಲೆ ಜ್ಯಾಕ್ ಟೆಲ್‌ನ್ಯಾಕ್ ಅವರ ತಂಡ ವಿನ್ಯಾಸ ಮಾಡಿದ 1979ರ ಮಾದರಿ ಯುರೋಪಿನ ಕಾರುಗಳ ನೇರಗೆರೆಗಳನ್ನು ಹೊತ್ತು ಹದಿನೈದು ಮಾದರಿ ವರ್ಷ ಬಾಳಿತು. ಅದರ ಜಾಗಕ್ಕೆ ಜಪಾನಿನ ಮಾಜ್ದಾ ಸಂಸ್ಥೆಯ ನೆರವಿನಿಂದ, ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುವ ಕಾರನ್ನು ತರುವ ಯೋಜನೆ 1987ರಲ್ಲಿ ಪತ್ರಿಕೆಗಳಿಗೆ ಸೋರಿ, ವಿ-8 ಎಂಜಿನ್ ಮತ್ತು ಹಿಂಗಾಲಿಯ ಚಾಲನೆ ಇಲ್ಲದ್ದು ಮಸ್ಟಾಂಗೇ ಅಲ್ಲವೆಂದು ಮೂದಲಿಸುವ ಪತ್ರಗಳು ಸಾವಿರಾರು ಸಂಖ್ಯೆಯಲ್ಲಿ ಕಂಪನಿಗೆ ಬಂದವು. ಆ ಕಾರು ‘ಪ್ರೋಬ್’ ಎಂಬ ಬೇರೆ ಹೆಸರಿನಲ್ಲಿ ಹೊರಬಂತು. ಜಾನ್ ಕೊಲೆಟಿ ಮೊದಲಾದವರ ಸಣ್ಣ ತಂಡ ಸುಮಾರು 70 ಕೋಟಿ ಡಾಲರ್ ವೆಚ್ಚದಲ್ಲಿ, ಹಿಂಗಾಲಿಯ ಚಾಲನೆಯನ್ನೇ ಉಳಿಸಿಕೊಂಡು ಹೊಸದಾಗಿ ರೂಪಿಸಿದ ಮಸ್ಟಾಂಗ್ 1993ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದಿತು. ಮೊದಲ ಕಾರನ್ನು ಕೊಂಡವರಿಗೆ ಯಾವ ಗಾಲಿ ತಿರುಗುತ್ತದೆಂಬುದು ಮುಖ್ಯವಾಗಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಆರು ಸಿಲಿಂಡರಿನ ಎಂಜಿನ್ನನ್ನೇ ಒಯ್ದಿದ್ದರು. ಮೂರನೆಯ ದಶಕ ಮುಗಿಯುವ ಹೊತ್ತಿಗೆ ಮಸ್ಟಾಂಗ್ ಏನಾಗಿರಬೇಕೆಂದು ಕಂಪನಿಗೆ ಅಪ್ಪಣೆ ಕೊಡುವಷ್ಟು ಹಕ್ಕನ್ನು ಅಭಿಮಾನಿಗಳು ಗಳಿಸಿಕೊಂಡಿದ್ದರು.

2005ರ ಮಾದರಿ 1960ರ ದಶಕದ ರೇಖೆಗಳಿಗೆ ಬುದ್ಧಿಪೂರ್ವಕವಾಗಿ ಮರಳಿತು. ಅದರ ಮುಖ್ಯ ಎಂಜಿನಿಯರ್ ಹೌ ತಾಯ್-ಟ್ಯಾಂಗ್, ಬಾಲ್ಯದಲ್ಲಿ ಯುದ್ಧದ ನಡುವಿನ ಸೈಗಾನ್‌ನಲ್ಲಿ ಅಮೆರಿಕನ್ನರು ತಂದಿದ್ದ ಮಸ್ಟಾಂಗನ್ನು ಕಂಡಿದ್ದ ವಿಯೆಟ್ನಾಂ ಮೂಲದವರು. 2015ರ ಮಾದರಿಯನ್ನು ಕಾರ್ಖಾನೆಯಿಂದಲೇ ಬಲಗಡೆಯ ಸ್ಟೇರಿಂಗ್‌ನೊಂದಿಗೆ ತಯಾರಿಸತೊಡಗಿದ್ದರಿಂದ ಭಾರತದ ಬಾಗಿಲೂ ತೆರೆಯಿತು, ಮತ್ತು 2016ರಲ್ಲಿ ಐದು ಲೀಟರಿನ ವಿ-8 ಮಸ್ಟಾಂಗ್ ಇಲ್ಲಿ 65 ಲಕ್ಷ ರೂಪಾಯಿಗಳ ಷೋರೂಂ ಬೆಲೆಗೆ ಮಾರಾಟಕ್ಕೆ ಬಂದಿತು. ಗುಮಾಸ್ತರ ಕೈಗೆಟಕಲೆಂದು ಕಲ್ಪಿಸಿದ್ದ ಕಾರು ಇಲ್ಲಿಗೆ ಬಂದದ್ದು ಕೋಟ್ಯಧಿಪತಿಗಳ ಆಟದ ಸಾಮಾನಾಗಿ. ಡಾಡ್ಜ್ ಚಾಲೆಂಜರ್ ಮತ್ತು ಕಮಾರೋ ಎರಡರ ತಯಾರಿಕೆಯೂ 2023ರ ಡಿಸೆಂಬರ್‌ನಲ್ಲಿ ನಿಂತು, ಪೋನಿ ಕಾರುಗಳ ವರ್ಗದಲ್ಲಿ ಮಸ್ಟಾಂಗ್ ಒಂಟಿಯಾಗಿದೆ. ಅದರ ಹೆಸರನ್ನು ಮತ್ತು ಕುದುರೆಯ ಲಾಂಛನವನ್ನು ಫೋರ್ಡ್ 2020ರ ಕೊನೆಯಿಂದ ಮೆಕ್ಸಿಕೋದಲ್ಲಿ ತಯಾರಾಗುವ ‘ಮ್ಯಾಕ್-ಇ’ ಎಂಬ ನಾಲ್ಕು ಬಾಗಿಲಿನ ವಿದ್ಯುತ್ ವಾಹನಕ್ಕೂ ಕೊಟ್ಟಿದೆ. ಅಭಿಮಾನಿಗಳು ಈ ಬಾರಿಯೂ ಪ್ರತಿಭಟಿಸಿದರು, ಆದರೆ ಕಂಪನಿ ಮಣಿಯಲಿಲ್ಲ; 2024ರಲ್ಲಿ ಅಮೆರಿಕದಲ್ಲಿ ಹಳೆಯ ಬಗೆಯ ಮಸ್ಟಾಂಗ್‌ಗಳು ಸುಮಾರು 44,000 ಮಾರಾಟವಾದರೆ ಮ್ಯಾಕ್-ಇ 51,000ವನ್ನು ದಾಟಿತು.